ಕತ್ತಲ ಕೋಣೆಯಲ್ಲಿ ಕರಿ ಟೇಪಿನ ಕ್ಲಾರಿ

ಕ್ಲಾರಿ ಟ್ರೆಲೋರ್ ಒಮ್ಮೆ ಚಂದ್ರನಿಗೆ ಕರಿ ಟೇಪು ಅಂಟಿಸಲು ಏಣಿ ಕೇಳಿದ್ದನೆಂದು ಟೌನ್ಸ್‌ವಿಲ್ಲಿನ ಬಂದರಿನಲ್ಲಿ ಇಂದಿಗೂ ಹೇಳುತ್ತಾರೆ. ಏಣಿ ಇಲ್ಲವೆಂದು ಯಾರೂ ಹೇಳಲಿಲ್ಲವಂತೆ. ಏಣಿ ಗಿಡ್ಡವಾಯಿತು, ಅಷ್ಟೆ. ಮದುವೆಯ ದಿನ ಉಂಗುರ ತೊಡಿಸುವ ಮುಂಚೆ ಪಾದ್ರಿಯ ಕೈಗಡಿಯಾರದ ಹೊಳೆಯುವ ಮುಳ್ಳುಗಳ ಮೇಲೆ ಎರಡು ಚೂರು ಟೇಪು ಒತ್ತಿದನಂತೆ. ಅವನ ಮನೆಯ ಫ್ರಿಜ್ಜಿನೊಳಗಿನ ದೀಪಕ್ಕೆ ಟೇಪು, ಟೀವಿಯ ಕೆಂಪು ಚುಕ್ಕೆಗೆ ಟೇಪು, ಇಸ್ತ್ರಿ ಪೆಟ್ಟಿಗೆಗೂ ಟೇಪು. ಮನೆಯ ಬೆಕ್ಕಂತೂ ಅವನ ಹೆಜ್ಜೆ ಸದ್ದು ಕೇಳಿದೊಡನೆ ತಾನಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ, ಮುಂಜಾಗ್ರತೆಗೆ. ಅರಸರ ಸೊಂಟದಲ್ಲಿ ಖಡ್ಗ ತೂಗುತ್ತಿದ್ದ ಹಾಗೆ ಕ್ಲಾರಿಯ ಸೊಂಟದಲ್ಲಿ ಸದಾ ಒಂದು ಟೇಪಿನ ಸುರುಳಿ ತೂಗುತ್ತಿತ್ತು. ಆ ಟೇಪು ಒಮ್ಮೆ ಅಂಟಿದರೆ ಬಿಡುವುದುಂಟೇ ಎಂದು ಅವನು ಕೇಳಿದಾಗ ಎದುರು ಮಾತಾಡುವ ಧೈರ್ಯ ಇಡೀ ಕರಾವಳಿಯಲ್ಲಿ ಯಾರಿಗೂ ಇರಲಿಲ್ಲ.

ಈ ಹುಚ್ಚಿಗೆ ಕಾರಣ ಅವನ ಹೊಟ್ಟೆಪಾಡು. ಊರಾಚೆ ಕಡಲಂಚಿನಲ್ಲಿರುವ ಸಮುದ್ರ ಸಂಶೋಧನಾ ಕೇಂದ್ರದಲ್ಲಿ ಅವನು ಉಪಕರಣಗಳ ಮೇಸ್ತ್ರಿ, ವಯಸ್ಸು ಐವತ್ತೆಂಟು. ಕಣ್ಣಿಗೆ ಕಾಣದಷ್ಟು ಕ್ಷೀಣವಾದ ಬೆಳಕನ್ನು, ಒಂದೊಂದೇ ಕಣವಾಗಿ, ಎಣಿಸಿಕೊಡುವುದು ಅವನ ಕೆಲಸ. ಅಂಥ ಬೆಳಕಿಗಾಗಿ ಕಾದು ಕೂತವನಿಗೆ ಜಗತ್ತಿನ ಮಿಕ್ಕ ಬೆಳಕೆಲ್ಲ ಶತ್ರುಪಡೆ. ಸೂರ್ಯನೇ ಸೇನಾಪತಿ.

ಆ ವರ್ಷ ನವೆಂಬರಿನಲ್ಲಿ ಕ್ಲಾರಿಯ ಮಾನ ತಕ್ಕಡಿಯಲ್ಲಿತ್ತು. ಹುಣ್ಣಿಮೆ ಕಳೆದ ನಾಲ್ಕೈದು ರಾತ್ರಿ ಹವಳಗಳು ಮೊಟ್ಟೆ ಬಿಡುತ್ತವೆ. ಆ ಹೊತ್ತಿಗೆ ಸುತ್ತಲಿನ ನೀರಿನಲ್ಲಿ ಮಿನುಗುವ ಧೂಳಿನಷ್ಟು ಸಣ್ಣ ಜೀವಿಗಳ ಬೆಳಕನ್ನು ಅಳೆಯಬೇಕೆಂಬುದು ಕೇಂದ್ರದ ವಿಜ್ಞಾನಿ ಫ್ಲಿಸ್ ನ್ಯಾನ್‌ಕಿವೆಲ್‌ಳ ಬಯಕೆ. ವರ್ಷಕ್ಕೊಂದೇ ಅವಕಾಶ. ಹಿಂದಿನ ವರ್ಷ ಕ್ಲಾರಿ ಕಟ್ಟಿಕೊಟ್ಟ ಪೆಟ್ಟಿಗೆ ಐದು ರಾತ್ರಿ ನೀರಿನಲ್ಲಿದ್ದು, ಒಂದು ಸ್ಕ್ರೂ ತೂತಿನಿಂದ ನುಗ್ಗಿದ ದೋಣಿಯ ದೀಪವನ್ನು ಶ್ರದ್ಧೆಯಿಂದ ಅಳೆದುಕೊಂಡು ಬಂದಿತ್ತು. ಈ ಸಲವೂ ಹಾಗಾದರೆ ಪೆಟ್ಟಿಗೆ ಗುಜರಿಗೆ, ಕ್ಲಾರಿ ಕೇಂದ್ರದ ಹುಲ್ಲು ಕತ್ತರಿಸುವ ಕೆಲಸಕ್ಕೆ ಎಂದು ಮೇಲಿನವರು ನಗುನಗುತ್ತಲೇ ಹೇಳಿದ್ದರು. ಹುಲ್ಲು ಕತ್ತರಿಸುವುದೆಂದರೆ ದಿನವಿಡೀ ಬಿಸಿಲಲ್ಲಿ ನಿಲ್ಲುವುದು. ಅದು ಕ್ಲಾರಿಗೆ ಮರಣದಂಡನೆಯೇ.

ದೋಣಿ ಮಧ್ಯಾಹ್ನ ಮೂರಕ್ಕೆ, ಉಬ್ಬರದ ನೀರಿನ ಜೊತೆ ಹೊರಡಬೇಕು. ಅಷ್ಟರೊಳಗೆ ಪೆಟ್ಟಿಗೆಯಲ್ಲಿ ಬೆಳಕು ಹಿಡಿಯುವ ಒಂದು ಡಿಟೆಕ್ಟರ್ ಕೂರಿಸಿ ಮುಚ್ಚಬೇಕು. ಅರ್ಹರು ಇಬ್ಬರು. ಒಂದು, ಹಳೆಯ ಗಾಜಿನ ಕೊಳವೆ. ಕೋಳಿಮೊಟ್ಟೆಯ ಗಾತ್ರ, ಸಾವಿರ ವೋಲ್ಟ್ ಕೊಟ್ಟರೆ ಬೆಳಕಿನ ಒಂದು ಕಣವನ್ನೂ ಹಿಡಿದು ಸದ್ದು ಮಾಡುತ್ತದೆ, ಆದರೆ ಆ ಹೊತ್ತಿನಲ್ಲಿ ಹಗಲು ಬೆಳಕು ತಾಗಿದರೆ ಸತ್ತುಹೋಗುತ್ತದೆ. ಇಪ್ಪತ್ತು ವರ್ಷದಿಂದ ಕ್ಲಾರಿಯ ಒಡನಾಡಿ. ಇನ್ನೊಂದು, ಉಗುರಿನಷ್ಟಗಲದ ಹೊಸ ಚಿಪ್. ಬೆನ್ನಿಗೆ ತನ್ನದೇ ತಂಪು ತಟ್ಟೆ ಕಟ್ಟಿಕೊಂಡು ಬಂದದ್ದು. ಅದನ್ನು ಬ್ರಿಸ್ಬೇನಿನಿಂದ ಮಾರಲು ತಂದವನು ಗ್ರೆವಿಲ್, ಬಿಳಿ ಬೂಟಿನ ಸಜ್ಜನ. ಫ್ಲಿಸ್‌ಳ ಮನಸ್ಸು ಚಿಪ್‌ನ ಕಡೆಗೇ ವಾಲಿತ್ತು. "ಎರಡನ್ನೂ ಕತ್ತಲ ಕೋಣೆಗೆ ತಗೊಂಡ್ಹೋಗಿ ನೋಡು ಕ್ಲಾರಿ," ಎಂದಿದ್ದಳು. "ನೀನು ಏನ್ ಹೇಳ್ತೀಯೋ ಅದೇ. ಆದ್ರೆ ಹಳೇ ಪ್ರೀತಿ ಪಕ್ಕಕ್ಕಿಟ್ಟು ಹೇಳು."

ಕತ್ತಲ ಕೋಣೆ ಕ್ಲಾರಿಯೇ ಕಟ್ಟಿದ ಕೋಟೆ. ಒಳಗಿನ ದೀಪದ ಸ್ವಿಚ್ಚು ಹೊರಗಿದೆ, ಯಾರೂ ಮೈಮರೆತು ಒತ್ತಬಾರದೆಂದು. ಫೋನು, ಗಡಿಯಾರಗಳನ್ನು ಹೊರಗಿನ ತಟ್ಟೆಯಲ್ಲಿಟ್ಟೇ ಒಳಗೆ ಹೋಗಬೇಕು. ಏಸಿಯ ಮೇಲೊಂದು ಹಸಿರು ಚುಕ್ಕೆ ಮಿನುಗುತ್ತದೆಂದು ಅದರ ತಂತಿಯನ್ನೇ ಕಿತ್ತಿದ್ದಾನೆ. ಗಾಳಿಗೆಂದು ಗೋಡೆಯಲ್ಲಿ ಒಂದು ಪೈಪಿದೆ. ಬೆಳಕಿಗೆ ತಿರುವು ತಿರುಗಲು ಬರುವುದಿಲ್ಲವಲ್ಲ, ಅದಕ್ಕೇ ಅದು ಎರಡು ಕಡೆ ಬಾಗಿದೆ. ಒಳಗಿನಿಂದ ಬಾಗಿಲು ಹಾಕಿಕೊಂಡರೆ ಹೊರಗೆ ಕೆಂಪು ದೀಪ ಹತ್ತುತ್ತದೆ. ಅದರ ಕೆಳಗೆ ಕ್ಲಾರಿಯ ಕೈಬರಹದ ಶಾಸನ:

"ಕೆಂಪು ದೀಪವಿದ್ದರೆ ಬಾಗಿಲು ತೆರೆಯಬಾರದು. ಒಳಗಿನಿಂದ ನಾನೇ ಕೂಗಿದರೂ ತೆರೆಯಬಾರದು. ಅತ್ತು ಕರೆದರೂ ತೆರೆಯಬಾರದು."

ಬರೆದು ಸುಮ್ಮನಾಗುವ ಪೈಕಿಯಲ್ಲ ಅವನು. ತಿಂಗಳಿಗೊಮ್ಮೆ ಒಳಗೆ ಕೂತು "ಬೆಂಕಿ!" ಎಂದೋ "ಹಾವು!" ಎಂದೋ ಕಿರುಚಿ ಜನರನ್ನು ಪರೀಕ್ಷಿಸುತ್ತಿದ್ದ. ಕರುಣೆ ತೋರಿ ಬಾಗಿಲು ತೆಗೆದವರು ಒಂದು ವಾರ ಇಡೀ ಕೇಂದ್ರದ ಚಹಾ ಕಪ್ಪುಗಳನ್ನು ತೊಳೆಯಬೇಕು. ಕಳೆದ ಸಲ ಹಾವು ಎಂದಾಗ ಬಾಣಲೆ ಹಿಡಿದು ನುಗ್ಗಿದವರು ದೋಣಿಯ ಅಡುಗೆಯವರಾದ ಆಂಟಿ ಡೋಸಿ ಮೊಸ್ಬಿ. ಟಾರೆಸ್ ದ್ವೀಪಗಳ ಹೆಂಗಸು, ಅರವತ್ತೇಳು ವರ್ಷ, ಎಲ್ಲರಿಗೂ ಆಂಟಿ. ತೊಳೆದ ಕಪ್ಪುಗಳ ಲೆಕ್ಕ ಅವರಿಗೆ ಬಾಯಿಪಾಠವಿತ್ತು.

ಅಂದು ಒಂಬತ್ತೂವರೆಗೆ ಕ್ಲಾರಿ ಒಳಗೆ ಹೊಕ್ಕ. ಕರಿಯೆಂದರೆ ಕರಿ, ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಎಣಿಕೆ ಯಂತ್ರದ ಅಂಕಿಗಳ ಮೇಲೂ ಟೇಪು ಅಂಟಿಸಿದ್ದರಿಂದ ಅವನು ಕಿವಿಯಿಂದಲೇ ಎಣಿಸುವವನು: ಐವತ್ತು ಕಣಕ್ಕೊಂದು ಟಿಕ್, ಹತ್ತು ಸೆಕೆಂಡಿಗೊಮ್ಮೆ ಠಣ್. ಸೂಜಿಮೊನೆಯಷ್ಟು ಮಂಕಾದ ಪರೀಕ್ಷೆಯ ದೀಪವನ್ನು ಹತ್ತು ಮುಸುಕಿನ ಹಿಂದಿಟ್ಟು ಗಾಜಿನ ಕೊಳವೆಗೆ ತೋರಿಸಿದ. ಎರಡು ಠಣ್‌ಗಳ ನಡುವೆ ಇಪ್ಪತ್ತು ಟಿಕ್. ದೀಪದ ಮುಚ್ಚಳ ಹಾಕಿದ, ನಾಲ್ಕು ಟಿಕ್. ಬೆಳಕಿಲ್ಲದಿದ್ದರೂ ಪ್ರತಿ ಡಿಟೆಕ್ಟರೂ ಇಷ್ಟು ಗೊಣಗುವುದು ವಾಡಿಕೆ. ಈಗ ಚಿಪ್‌ನ ಸರದಿ. ದೀಪವಿದ್ದಾಗ ನಲವತ್ತೆರಡು. ಇಲ್ಲದಾಗ ಏಳು.

ಮತ್ತೆ ಎಣಿಸಿದ. ಮತ್ತೆ ನಲವತ್ತೆರಡು. ಲೆಕ್ಕ ಕಲ್ಲಿನ ಹಾಗೆ ಕೂತಿತ್ತು: ಕೊಳವೆ ಹಿಡಿದದ್ದಕ್ಕಿಂತ ಎರಡು ಪಟ್ಟು ಬೆಳಕನ್ನು ಬಿಳಿ ಬೂಟಿನವನ ಚಿಪ್ ಹಿಡಿಯುತ್ತಿದೆ. ಕ್ಲಾರಿ ಕತ್ತಲಲ್ಲೇ ಕೊಳವೆಯ ಗಾಜನ್ನೊಮ್ಮೆ ಸವರಿದ. "ಆಯ್ತು ಕಣಪ್ಪಾ, ಸಾಕು ಬಿಡು," ಎಂದ. ಹೊರಗೆ ಹೋಗಿ ಸೋಲೊಪ್ಪಿಕೊಳ್ಳೋಣವೆಂದು ತಡಕಾಡಿ ಬಾಗಿಲ ಹಿಡಿಯನ್ನು ತಿರುಗಿಸಿ ಎಳೆದ.

ಹಿಡಿ ಬಂತು. ಬಾಗಿಲು ಬರಲಿಲ್ಲ.

ಹಿಡಿಯ ಕತೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಅದರ ಹಿತ್ತಾಳೆ ಸ್ಕ್ರೂಗಳು ಹೊಳೆಯುತ್ತವೆಂದು ಕ್ಲಾರಿ ಆರು ತಿಂಗಳ ಹಿಂದೆಯೇ ಅವನ್ನು ಬಿಚ್ಚಿ ಬಿಸಾಡಿ, ಹಿಡಿಯನ್ನು ಟೇಪಿನಿಂದ ಬಿಗಿದಿದ್ದ. ಎಂಟು ಸುತ್ತು. ನವೆಂಬರೆಂದರೆ ಆ ಕಡೆ ಬೇಸಿಗೆ; ಅದರ ಸೆಖೆಗೆ ಆ ಎಂಟು ಸುತ್ತಿನ ಅಂಟು ಕರಗಿ ಪಾಯಸವಾಗಿತ್ತು.

ವ್ಯೂಹ ಹೊಕ್ಕ ಅಭಿಮನ್ಯುವಿಗೆ ಹೊರಬರುವ ದಾರಿ ಗೊತ್ತಿರಲಿಲ್ಲ, ನಿಜ. ಆದರೆ ಆ ವ್ಯೂಹವನ್ನು ರಚಿಸಿದವನು ಅಭಿಮನ್ಯುವೇ ಆಗಿರಲಿಲ್ಲ. ಕ್ಲಾರಿ ಬಾಗಿಲು ಗುದ್ದಿದ. ಬೆಳಕು ಸೋರಬಾರದೆಂದು ಒಳಗೆಲ್ಲ ಹೊಡೆದಿದ್ದ ಕರಿ ಕಂಬಳಿ ಗುದ್ದುಗಳನ್ನು ನುಂಗಿತು. ಉಳಿದದ್ದು ಪೈಪು. ಬೆಳಕಿಗೆ ತಿರುಗಲು ಬಾರದಿದ್ದರೇನು, ಮಾತಿಗೆ ಬರುತ್ತದೆ. ಅವನು ಮಂಡಿಯೂರಿ ಪೈಪಿಗೆ ಬಾಯಿಟ್ಟು ಕೂಗತೊಡಗಿದ. ಎಷ್ಟೋ ಹೊತ್ತಿನ ಮೇಲೆ ಮಾವಿನ ಹಣ್ಣಿನ ವಾಸನೆಯೂ ಚಪ್ಪಲಿಯ ಸದ್ದೂ ಒಟ್ಟಿಗೆ ಬಂದವು.

"ಆಂಟಿ! ಆಂಟಿ ಡೋಸಿ! ಬಾಗ್ಲು ತೆಗೀರಿ!"

ಚಪ್ಪಲಿ ನಿಂತಿತು. "ಈ ಸಲ ಏನು ತಮ್ಮಾ? ಬೆಂಕಿಯೋ ಹಾವೋ?"

"ಎರಡೂ ಅಲ್ಲ. ಹಿಡಿ ಕಿತ್ತು ಬಂತು. ಕೈಯಲ್ಲೇ ಇದೆ."

"ಹಿಡೀನಾ? ಪರವಾಗಿಲ್ವೇ, ಹೊಸದು ಯೋಚ್ನೆ ಮಾಡಿದೀಯ."

"ದೇವ್ರಾಣೆ ಆಂಟಿ!"

"ಹಾವಿಗೂ ದೇವ್ರಾಣೆ ಅಂದಿದ್ದೆ ನೀನು. ಇನ್ನೂರ ಇಪ್ಪತ್ನಾಲ್ಕು ಕಪ್ ತೊಳೆದಿದೀನಿ ನಾನು, ಅದ್ರಲ್ಲಿ ನಿಂದೇ ಎಲ್ಲಕ್ಕಿಂತ ಕೊಳಕು. ಅಲ್ಲಾ, ಅಷ್ಟು ಗಟ್ಟಿ ಬಾಗ್ಲಿನ ಹಿಡಿ ತಾನಾಗಿ ಹ್ಯಾಗೆ ಕಿತ್ಕೊಂಡು ಬರುತ್ತೆ?"

ಟೇಪು ಎಂಬ ಶಬ್ದ ಕ್ಲಾರಿಯ ಗಂಟಲಿನವರೆಗೆ ಬಂದು ಅಲ್ಲೇ ಅಂಟಿಕೊಂಡಿತು. "ಅದು... ಸ್ಕ್ರೂ ಸವೆದಿತ್ತು," ಎಂದ.

"ನೋಡಿದ್ಯಾ, ಸುಳ್ಳು ಹೇಳುವಾಗ ನಿನ್ನ ದನಿ ಸಣ್ಣಗಾಗುತ್ತೆ. ನಮ್ಮ ದ್ವೀಪದ ಸೆಮುರ್ ಕೋಳಿ ಸಾರು ಮಾಡಿದೀನಿ, ನಿನ್ ಪಾಲು ಎತ್ತಿಡ್ತೀನಿ. ಚೆನ್ನಾಗಿ ಎಣಿಸ್ಕೋ."

ಚಪ್ಪಲಿ ದೂರವಾಯಿತು. ಮಾವಿನ ವಾಸನೆ ಮಾತ್ರ ಪೈಪಿನಲ್ಲಿ ಇನ್ನಷ್ಟು ಹೊತ್ತು ನಿಂತು ಅವನನ್ನು ಅಣಕಿಸಿತು.

ಕ್ಲಾರಿ ನೆಲಕ್ಕೆ ಕುಸಿದ. ಕೋಣೆ ಏಳಡಿ ಉದ್ದ, ಐದಡಿ ಅಗಲ; ಕಾಲು ಚಾಚಿದರೆ ಗೋಡೆ, ಕೈ ಚಾಚಿದರೆ ಗೋಡೆ. ಹೊರಗಿನ ಬಿಸಿಲು ತಗಡಿನ ಸೂರನ್ನು ಕಾಯಿಸುತ್ತಿತ್ತು, ಒಳಗೆ ಕ್ಲಾರಿಯ ಎಂಬತ್ತೆಂಟು ಕಿಲೋ ಮೈ ಕೋಣೆಯನ್ನು ಕಾಯಿಸುತ್ತಿತ್ತು. ಅಂಗಿ ಬಿಚ್ಚಿದ. ಬನಿಯನ್ನು ಬಿಚ್ಚಿದ. ಸೊಂಟದ ಸುರುಳಿ ಬಿಚ್ಚಲು ಮನಸ್ಸಾಗಲಿಲ್ಲ. ಗಂಟೆ ಎಷ್ಟಾಯಿತೋ ತಿಳಿಯದು. ಕತ್ತಲು ಅವನಿಗೆ ಇಪ್ಪತ್ತು ವರ್ಷದಿಂದ ಹೆಂಡತಿಗಿಂತ ಹತ್ತಿರದ ನಂಟು. ಅಂದು ಮೊದಲ ಸಲ ಅದು ಎದೆಯ ಮೇಲೆ ಕೂತಿತ್ತು. ಇಲ್ಲೇ ಸತ್ತರೂ ಕೆಂಪು ದೀಪ ಆರುವವರೆಗೆ ಯಾರೂ ಬಾಗಿಲು ತೆಗೆಯುವುದಿಲ್ಲ, ಅಷ್ಟು ಚೆನ್ನಾಗಿ ತರಬೇತಿ ಕೊಟ್ಟಿದ್ದೇನೆ ಎಂದು ನೆನೆದು ಅವನಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

ಆಗ ಕಿವಿಗೆ ಏನೋ ಬಿತ್ತು.

ಎಣಿಕೆ ಯಂತ್ರ ಇನ್ನೂ ಚಿಪ್‌ಗೇ ಜೋಡಿಸಿದ ಹಾಗೇ ಇತ್ತು. ದೀಪದ ಮುಚ್ಚಳ ಹಾಕಿತ್ತು. ಎರಡು ಠಣ್‌ಗಳ ನಡುವೆ ಏಳು ಟಿಕ್ ಬರಬೇಕು. ಬಂದದ್ದು ಹತ್ತೊಂಬತ್ತು.

ಎಲ್ಲೋ ಬೆಳಕು ಸೋರುತ್ತಿದೆ! ಕ್ಲಾರಿ ಹೌಹಾರಿ ಎದ್ದು, ಸುರುಳಿ ಕಿತ್ತು, ಬಾಗಿಲ ಸಂದಿಗೆಲ್ಲ ಟೇಪು ಬಳಿದ. ತನ್ನ ಸೆರೆಮನೆಯನ್ನು ತಾನೇ ಇನ್ನಷ್ಟು ಭದ್ರಪಡಿಸಿ ಬಂದು ಎಣಿಸಿದ. ಮೂವತ್ತೊಂದು. ಕರಿ ಬಟ್ಟೆ ಮಡಚಿ ಚಿಪ್‌ನ ಮೂತಿಗೇ ಸುತ್ತಿದ. ಐವತ್ತು. ಹೊರಗಿನ ಬೆಳಕಲ್ಲ ಇದು. ಯಂತ್ರದ ಗುಂಡಿಯನ್ನು ಕೊಳವೆಯ ಕಡೆಗೆ ತಿರುಗಿಸಿ, ಉಸಿರು ಬಿಗಿಹಿಡಿದು ಕೇಳಿದ. ಟಿಕ್... ಟಿಕ್... ಠಣ್. ಆರು. ಬೆಳಿಗ್ಗೆ ನಾಲ್ಕಿತ್ತು, ಈಗ ಆರು. ಅಷ್ಟೇ. ಮುಚ್ಚಳ ತೆಗೆದು ದೀಪ ತೋರಿಸಿದ, ಇಪ್ಪತ್ತೆರಡು. ತಿರುಗಿ ಚಿಪ್‌ಗೆ ಬಂದರೆ ದೀಪವಿದ್ದರೂ ಇಲ್ಲದಿದ್ದರೂ ಒಂದೇ ಸಮನೆ, ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಟಿಕಟಿಕಟಿಕ.

ಕ್ಲಾರಿ ಕತ್ತಲಿನಲ್ಲಿ ಚಿಪ್‌ನ ಬೆನ್ನು ಮುಟ್ಟಿದ. ತಂಪು ತಟ್ಟೆ ಸುಡುತ್ತಿತ್ತು. ಒಳಗಿನ ಬಿಸಿಯನ್ನು ಹೊರಗೆ ಎಸೆಯುವುದು ಅದರ ಕೆಲಸ. ಹೊರಗೂ ಬಿಸಿಯೇ ಇದ್ದರೆ ಎಸೆಯುವುದೆಲ್ಲಿಗೆ? ತಂಪು ಹೋದದ್ದೇ ಚಿಪ್‌ಗೆ ಸನ್ನಿ ಹಿಡಿದಿತ್ತು. ಅದರ ಕಿವಿ ನಿಜಕ್ಕೂ ಚುರುಕು, ಪಿಸುಮಾತೂ ಕೇಳುತ್ತದೆ. ಆದರೆ ಸೆಖೆಯಾದರೆ ತಾನೇ ಬಡಬಡಿಸತೊಡಗುತ್ತದೆ. ತಾನೇ ಬಡಬಡಿಸುವವನಿಗೆ ಪಕ್ಕದವರ ಪಿಸುಮಾತು ಕೇಳುವುದು ಹೇಗೆ? ಹವಳದ ನೀರು ಇಪ್ಪತ್ತೊಂಬತ್ತು ಡಿಗ್ರಿ. ಪೆಟ್ಟಿಗೆಗೆ ಪೈಪೂ ಇಲ್ಲ, ಕಿಂಡಿಯೂ ಇಲ್ಲ. ಅದರೊಳಗೆ ಚಿಪ್‌ನ ಗತಿ ಈ ಕೋಣೆಯೊಳಗೆ ಕ್ಲಾರಿಯ ಗತಿಯೇ.

ಉತ್ತರ ಸಿಕ್ಕಿತ್ತು. ಅದನ್ನು ತಿಳಿದವನು ಮಾತ್ರ ಬಾಗಿಲಾಚೆಗೆ ಹೋಗಲಾರ. ಅಷ್ಟರಲ್ಲಿ ಪೈಪಿನಲ್ಲಿ ಫ್ಲಿಸ್‌ಳ ದನಿ ಕೇಳಿತು.

"ಮಧ್ಯಾಹ್ನ ಎರಡು ಗಂಟೆ ಆಯ್ತಲ್ಲ, ಇನ್ನೂ ಕೆಂಪು ದೀಪಾನೇ!"

"ನನ್ನ ಚೀಲದಲ್ಲಿ ಇನ್ನೊಂದು ಚಿಪ್ ಇದೆ," ಗ್ರೆವಿಲ್‌ನ ದನಿ. "ಪೆಟ್ಟಿಗೆ ಹೊರಗೇ ಇದೆಯಲ್ಲ. ಅರ್ಧ ಗಂಟೆ ಕೆಲಸ."

"ಬೇಡ!" ಕ್ಲಾರಿ ಪೈಪಿನೊಳಗೆ ಗರ್ಜಿಸಿದ. "ಫ್ಲಿಸ್, ಚಿಪ್ ಬೇಡ! ಸೆಖೆಗೆ ಅದಕ್ಕೆ ತಲೆ ಕೆಡುತ್ತೆ! ಕೊಳವೆ ಹಾಕು!"

ಹೊರಗೆ ಫ್ಲಿಸ್ ನಕ್ಕಳು. "ಕ್ಲಾರಿ, ನೀನು ಹೀಗೇ ಅಂತೀಯ ಅಂತ ನಂಗೆ ಬೆಳಿಗ್ಗೇನೇ ಗೊತ್ತಿತ್ತು. ಎಷ್ಟು ಬಂತು ಹೇಳು. ಒಳಗೆ ಹೋದಾಗ ಬಂದ ಲೆಕ್ಕ."

ಸುಳ್ಳು ಹೇಳಬಹುದಿತ್ತು. ಎಣಿಕೆಯ ವಿಷಯದಲ್ಲಿ ಕ್ಲಾರಿಗೆ ಸುಳ್ಳು ಬರುವುದಿಲ್ಲ. "ಕೊಳವೆ ಇಪ್ಪತ್ತು. ಚಿಪ್ ನಲವತ್ತೆರಡು. ಆದ್ರೆ..."

"ನಲವತ್ತೆರಡು!" ಗ್ರೆವಿಲ್ ಚಪ್ಪಾಳೆ ತಟ್ಟಿದ.

"ಆದ್ರೆ ಈಗ ಹಾಗಿಲ್ಲ! ಒಳಗೆ ಬಂದು ಕೇಳು! ನಾನು ಸಿಕ್ಕಿಹಾಕ್ಕೊಂಡಿದೀನಿ, ಬಾಗ್ಲು ತೆಗಿ!"

"ಬಾಗ್ಲು ತೆಗೆದ್ರೆ ಕಪ್ ತೊಳೆಯೋದು ಯಾರು?" ಎಂದಳು ಫ್ಲಿಸ್. "ಎರಡೂವರೆವರೆಗೂ ಕಾಯ್ತೀನಿ ಮಾರಾಯ. ಅಷ್ಟರಲ್ಲಿ ಗ್ರೆವಿಲ್ ಚಿಪ್ ಕೂರಿಸಿರ್ಲಿ, ಆಮೇಲೆ ಪೆಟ್ಟಿಗೆ ಮುಚ್ತಾನೆ."

ಕ್ಲಾರಿ ಪೈಪಿನ ಕೆಳಗೆ ಕೂತ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಪಕ್ಕದಲ್ಲಿ ಚಿಪ್ ಜ್ವರ ಬಂದವರಂತೆ ಕನವರಿಸುತ್ತಿತ್ತು. ಐದು ರಾತ್ರಿ ಅದು ಕಡಲಡಿಯಲ್ಲಿ ಹೀಗೇ ಕನವರಿಸುತ್ತದೆ. ಇನ್ನೊಂದು ವರ್ಷ ಹೋಯಿತು. ಕಣ್ಣ ಮುಂದೆ ಹುಲ್ಲು ಕತ್ತರಿಸುವ ಯಂತ್ರ ಬಂತು, ಅದರ ಮೇಲೆ ಹನ್ನೆರಡು ಗಂಟೆಯ ಸೂರ್ಯ ಬಂದ. ಬೆಂಕಿ ಎಂದರೆ ನಂಬುವುದಿಲ್ಲ, ಹಾವು ಎಂದರೆ ನಂಬುವುದಿಲ್ಲ, ಸಾಯುತ್ತಿದ್ದೇನೆ ಎಂದರೆ ಚಪ್ಪಾಳೆ ತಟ್ಟುತ್ತಾರೆ. ಕ್ಲಾರಿ ಟ್ರೆಲೋರ್ ಪರೀಕ್ಷೆಗೆಂದಾದರೂ ಎಂದೂ ಆಡದಂಥ ಮಾತು ಯಾವುದಿದೆ?

ಇತ್ತು, ಒಂದು. ಅದು ಬೆಳಿಗ್ಗೆಯಿಂದ ಗಂಟಲಲ್ಲೇ ಅಂಟಿಕೊಂಡಿತ್ತು.

ಹೊರಗೆ ಪಾತ್ರೆಗಳ ಸದ್ದು. ಆಂಟಿ ಡೋಸಿ ದೋಣಿಗೆ ಅಡುಗೆ ಸಾಗಿಸುತ್ತಿದ್ದರು. ಕ್ಲಾರಿ ಪೈಪಿಗೆ ಬಾಯಿಟ್ಟ. ಈ ಸಲ ಕೂಗಲಿಲ್ಲ.

"ಆಂಟಿ. ಟೇಪು ಬಿಟ್ಕೊಂಡ್ಬಿಡ್ತು."

ಪಾತ್ರೆಯ ಸದ್ದು ನಿಂತಿತು. "ಏನಂದೆ?"

"ನನ್ನ ಟೇಪು. ಹಿಡಿಗೆ ಸುತ್ತಿದ್ದು. ಸ್ಕ್ರೂ ಸವೆದಿರ್ಲಿಲ್ಲ, ನಾನೇ ಬಿಚ್ಚಿ ಬಿಸಾಕಿದ್ದೆ. ಸೆಖೆಗೆ ಅಂಟೆಲ್ಲ ಕರಗಿಹೋಗಿದೆ. ಟೇಪು ನಂಬಬಾರ್ದಾಗಿತ್ತು."

ಏನೋ ಭಾರವಾದ ಪಾತ್ರೆ ನೆಲಕ್ಕೆ ಬಿತ್ತು. ಆಮೇಲೆ ಆಂಟಿ ಡೋಸಿಯ ಕೂಗು ಬಂದರಿನವರೆಗೂ ಕೇಳಿತಂತೆ. "ಫ್ಲಿಸ್! ಓಡಿ ಬಾ! ಇದು ಪರೀಕ್ಷೆ ಅಲ್ಲ! ಟೇಪು ಸರಿಯಿಲ್ಲ ಅಂತಿದಾನೆ, ಪ್ರಾಣ ಹೋಗೋ ಹಂಗಿದೆ ಅವನಿಗೆ!"

ಹೊರಗೆ ಓಡುವ ಕಾಲುಗಳು. "ಕ್ಲಾರಿ! ಬದುಕಿದೀಯಾ? ತೆಗೀತಿದೀನಿ!"

"ತಡಿ! ತೆಗೀಬೇಡ!" ಸಾಯುವವನ ದನಿಯಲ್ಲಿ ಒಮ್ಮೆಲೆ ಮೇಸ್ತ್ರಿ ಎದ್ದು ಕೂತ. "ಮೊದ್ಲು ಕೊಳವೆ ವೋಲ್ಟ್ ಇಳಿಸ್ತೀನಿ. ಬೆಳಕು ಬಡಿದ್ರೆ ಸತ್ತುಹೋಗುತ್ತೆ." ಅವನು ತಡಕಾಡಿ ಗುಂಡಿ ತಿರುಗಿಸಿ ಸೊನ್ನೆಗಿಳಿಸಿ, ಕೊಳವೆಗೆ ತನ್ನ ಬನಿಯನ್ನು ಸುತ್ತಿ ಎದೆಗೆ ಅವುಚಿಕೊಂಡ. "ಹ್ಞೂಂ. ಈಗ."

ಸಂದಿಗೆಲ್ಲ ಒಳಗಿನಿಂದ ಬಳಿದ ಟೇಪಿನಿಂದಾಗಿ ಬಾಗಿಲನ್ನು ಮೂವರು ಸೇರಿ ಒಳಕ್ಕೆ ತಳ್ಳಬೇಕಾಯಿತು. ತೆರೆದಾಗ ಕಂಡ ದೃಶ್ಯವನ್ನು ಬಂದರಿನವರು ಇಂದಿಗೂ ಬಣ್ಣಿಸುತ್ತಾರೆ: ಅರೆಬೆತ್ತಲೆ ವೀರ, ಮೈಯೆಲ್ಲ ಜಲಪಾತ, ಬಲಗೈಯಲ್ಲಿ ಗದೆಯಂತೆ ಬಾಗಿಲ ಹಿಡಿ, ಎಡತೋಳಿನಲ್ಲಿ ಬಟ್ಟೆ ಸುತ್ತಿದ ಹಸುಗೂಸು. ಅವನು ನೀರು ಕೇಳಲಿಲ್ಲ. ಗ್ರೆವಿಲ್‌ನ ಹೊಸ ಚಿಪ್ ಕೂತಿದ್ದ ಪೆಟ್ಟಿಗೆಯನ್ನು ತೋರಿಸಿ, "ಕಾದ ನೀರಲ್ಲ, ಬರೀ ಕಡಲ ನೀರಿನ ತೊಟ್ಟೀಲಿ ಅದನ್ನ ಮುಚ್ಚಿ ಇಡಿ. ಕಾಲು ಗಂಟೆ. ಎಣಿಸಿ," ಎಂದ.

ಹತ್ತೇ ನಿಮಿಷಕ್ಕೆ ಮುಚ್ಚಿದ ಪೆಟ್ಟಿಗೆಯೊಳಗೆ ಜೋಳ ಸಿಡಿಯಿತು. ಫ್ಲಿಸ್ ಗ್ರೆವಿಲ್‌ನ ಮುಖ ನೋಡಿದಳು. ಗ್ರೆವಿಲ್ ತನ್ನ ಬಣ್ಣದ ಪುಸ್ತಿಕೆಯ ಕೊನೆಯ ಪುಟ ತಿರುವಿ, ಕನ್ನಡಕ ಏರಿಸಿ, ಇರುವೆ ಅಕ್ಷರಗಳನ್ನು ಓದಿದ. "ಸುತ್ತಲಿನ ಬಿಸಿ ಇಪ್ಪತ್ತು ಡಿಗ್ರಿ ಮೀರಬಾರದು, ಗಾಳಿಯಾಡುತ್ತಿರಬೇಕು... ಇಲ್ಲಿ ಬರೆದಿದ್ದಾರೆ ಅಂತ ನಂಗೂ ಗೊತ್ತಿರ್ಲಿಲ್ಲ," ಎಂದು ಪಾಪದ ಮೋರೆ ಮಾಡಿದ.

ಮೂರಕ್ಕೆ ಐದು ನಿಮಿಷವಿರುವಾಗ ಕೊಳವೆ ಪೆಟ್ಟಿಗೆಯಲ್ಲಿ ಕೂತಿತು. ಕ್ಲಾರಿ ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದ. ಆಂಟಿ ಡೋಸಿ ಆ ಕೈಗೆ ಒಂದೇಟು ಹಾಕಿ, "ಸ್ಕ್ರೂ!" ಎಂದರು. ಆರು ಸ್ಕ್ರೂ ಬಿಗಿದರು. ದೋಣಿ ಹೊರಟಿತು.

ಎಂಟನೆಯ ದಿನ ಅದು ಮರಳಿದಾಗ ಪೆಟ್ಟಿಗೆ ತಂದ ಲೆಕ್ಕದ ನಕ್ಷೆಯಲ್ಲಿ ಗೆರೆಗಳು ಮೂರು ರಾತ್ರಿ ಮೊಣಕಾಲೆತ್ತರ ನಡೆದು, ನಾಲ್ಕನೆಯ ರಾತ್ರಿ ಗುಡ್ಡವೇರಿ, ಮತ್ತೆ ಇಳಿದಿದ್ದವು. ಗೊಣಗಾಟವಿಲ್ಲ, ಕನವರಿಕೆಯಿಲ್ಲ, ಬರಿಯ ಬೆಳಕು. ಫ್ಲಿಸ್ ಆ ನಕ್ಷೆಯನ್ನು ಗೋಡೆಗೆ ಅಂಟಿಸಿ ಇಡೀ ಕೇಂದ್ರವನ್ನು ಚಹಾಕ್ಕೆ ಕರೆದಳು. ಹುಲ್ಲಿನ ಮಾತಾಡಿದ್ದ ಮೇಲಿನವರೂ ಬಂದರು. ಕಪ್ಪುಗಳನ್ನು ಕ್ಲಾರಿ ತೊಳೆಯುತ್ತಿದ್ದ. ಅದು ಆಂಟಿ ಡೋಸಿ ವಿಧಿಸಿದ ಶಿಕ್ಷೆ, ಇನ್ನೂರ ಇಪ್ಪತ್ನಾಲ್ಕು ಆಗುವವರೆಗೆ.

ಫ್ಲಿಸ್ ಭಾಷಣ ಮಾಡಿದಳು. ಐದು ಗಂಟೆಗಳ ಕಾಲ ಅನ್ನನೀರಿಲ್ಲದೆ, ಘೋರಾಂಧಕಾರದಲ್ಲಿ, ಕೇವಲ ಕಿವಿಯನ್ನು ನಂಬಿ, ಜಗತ್ತಿನ ಅತಿ ಕ್ಷೀಣ ಬೆಳಕಿಗೆ ತಕ್ಕ ಡಿಟೆಕ್ಟರನ್ನು ಆರಿಸಿದ ಮಹಾನುಭಾವ ಎಂದಳು. ಇಂಥ ಸೂಕ್ಷ್ಮ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದಳು. ಎಲ್ಲರೂ ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ್ದ ವೀರನ ಕಡೆ ತಿರುಗಿದರು.

"ಹೇಳು ಕ್ಲಾರಿ," ಎಂದಳು, "ಆ ಕತ್ತಲಲ್ಲಿ ನಿಂಗೆ ಅದು ಹ್ಯಾಗೆ ಹೊಳೀತು?"

ಕ್ಲಾರಿ ಕಪ್ಪೊಂದನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟ.

"ನಂಗೆ ಸೆಖೆ ಆಯ್ತು," ಎಂದ. "ಅದಕ್ಕೂ ಆಯ್ತು."